ಬಾಣದಕ್ಕನೂ ಸೊಸೆಯ ಜಿಗ್‌ಜಾಗೂ

ಬಾಣದಕ್ಕನ ಕೈಗೆ ಅಂಗಿ ಕೊಟ್ಟು ನೆಮ್ಮದಿಯಾಗಿ ನಿಂತವರು ಯಾರೂ ಇಲ್ಲ. ಅವಳು ಮೊದಲು ನೋಡುತ್ತಿದ್ದುದು ಅಂಗಿಯನ್ನಲ್ಲ, ಕೊಟ್ಟವರ ಮುಖವನ್ನು. ಆಮೇಲೆ ಕಾಲರು, ತೋಳು, ಗುಂಡಿ, ಕಾಜ. ಕೊನೆಗೆ ಅಂಗಿಯ ಒಳಮೈಯನ್ನು ಹೊರಕ್ಕೆ ಮಗುಚಿ, ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಕಳ್ಳನ ಜೇಬು ತಡಕುವ ಪೊಲೀಸಿನವನ ಹಾಗೆ ಹೊಲಿಗೆಯ ಉದ್ದಕ್ಕೂ ಬೆರಳಾಡಿಸುತ್ತಿದ್ದಳು. ತಪ್ಪು ಕಂಡರೆ ಅಲ್ಲೊಂದು ಕೆಂಪು ಬಾಣದ ಸ್ಟಿಕ್ಕರ್. ಬಾಣದ ಮೊನೆ ತೋರಿಸಿದ ಕಡೆ ಟೈಲರ್ ಬಿಚ್ಚಿ ಮತ್ತೆ ಹೊಲಿಯಬೇಕು. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಈ ಕೆಲಸದವರನ್ನು ಚೆಕ್ಕರ್ ಎನ್ನುತ್ತಾರೆ. ಇವಳನ್ನು ಮಾತ್ರ ಯಾರೂ ಹಾಗೆ ಕರೆದದ್ದಿಲ್ಲ. ಬಾಣ ಅಂಟಿಸುವ ಅಕ್ಕ ಬಾಣದಕ್ಕನಾಗಿ, ಅದೇ ಹೆಸರು ಗಟ್ಟಿಯಾಗಿ ಕೂತುಬಿಟ್ಟಿತ್ತು.

ಕಾರ್ಖಾನೆಯ ಬಾಣಗಳನ್ನು ಅಲ್ಲೇ ಬಿಟ್ಟು ಬಂದರೂ, ಬಾಣ ಹಿಡಿದ ಬುದ್ಧಿ ಅವಳ ಜೊತೆಯಲ್ಲೇ ಮನೆಗೆ ಬರುತ್ತಿತ್ತು. ಹಾಲಿನ ಪ್ಯಾಕೆಟ್ಟನ್ನು ಮೂಸದೆ ಒಡೆಯುವವಳಲ್ಲ. ಮೊಟ್ಟೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುವಳು. ತೂಕ ಹಾಕುವಾಗ ತರಕಾರಿಯವನು ಕೆಮ್ಮಿದರೆ, "ಕೆಮ್ಮಿದ್ದು ಯಾಕಪ್ಪಾ? ಬೆರಳು ಎಲ್ಲಿಟ್ಟೆ?" ಎಂದು ಕೇಳಿಬಿಡುವಳು. ಮಗ ಬ್ರೆಡ್ ಸಾಗಿಸುವ ವ್ಯಾನಿನ ಡ್ರೈವರ್. ಅವನು ಕೆಲಸ ಮುಗಿಸಿ ಬೇಗ ಬಂದರೆ ಯಾಕೆ ಬೇಗ ಬಂದ ಎಂದು ಅನುಮಾನ, ತಡವಾದರೆ ಯಾಕೆ ತಡ ಎಂದು ಅನುಮಾನ, ಸರಿಯಾದ ಹೊತ್ತಿಗೇ ಬಂದರೆ, ಇವತ್ತೇನು ಇಷ್ಟು ಸರಿಯಾಗಿ ಬಂದಿದ್ದಾನೆ ಎಂದು ಎರಡು ಪಟ್ಟು ಅನುಮಾನ.

ಹುಟ್ಟಿನಿಂದ ಅವಳು ಹೀಗಿದ್ದವಳಲ್ಲ. ಮದುವೆಯಾದ ಹೊಸತರಲ್ಲಿ ಹೇಳಿದ್ದನ್ನೆಲ್ಲ ನಂಬುವ ಪೆದ್ದು ಹುಡುಗಿಯಾಗಿದ್ದಳು. ಗಂಡ ದಿನವೂ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಖಾಲಿ ಡಬ್ಬಿ ತರುತ್ತಿದ್ದ. ಅವನು ಎದೆನೋವಿನಿಂದ ಹೋದ ಮೇಲೆ, ಮಣ್ಣಿಗೆ ಬಂದಿದ್ದ ಅವನ ಜೊತೆಗಾರರ ಬಾಯಿಂದ ಗೊತ್ತಾಯಿತು: ಅವನ ಕೆಲಸ ಹೋಗಿ ತಿಂಗಳುಗಳೇ ಆಗಿದ್ದವು. ಅಷ್ಟು ದಿನವೂ ಡಬ್ಬಿ ಹಿಡಿದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಅಲ್ಲೇ ಉಂಡು, ಎದೆ ಹಿಂಡಿದರೆ ಅಲ್ಲೇ ಉಜ್ಜಿಕೊಂಡು ಮನೆಗೆ ಬರುತ್ತಿದ್ದನಂತೆ. ಹೆಂಡತಿಗೆ ನೋವಾಗಬಾರದು ಅಂತ. ಅವನ ಆ ಒಳ್ಳೆಯತನವನ್ನು ಅವಳು ಇಂದಿಗೂ ಕ್ಷಮಿಸಿಲ್ಲ. ಮಗನನ್ನು ಸೊಂಟದ ಮೇಲೆ ಹೊತ್ತು ಕಾರ್ಖಾನೆಗೆ ಬಂದು, ಹೊಲಿದ ಅಂಗಿಗಳ ಚುಂಗು ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ಕಣ್ಣು ಚುರುಕೆಂದು ಚೆಕ್ಕರ್ ಮಾಡಿದರು. ಅಂದಿನಿಂದ ಒಳಮೈ ತಿರುಗಿಸಿ ನೋಡದೆ ಅವಳು ಯಾವುದನ್ನೂ ಒಪ್ಪಿದವಳಲ್ಲ.

ಇಂಥವಳೂ ಒಳಹೊರಗು ನೋಡದೆ ಒಪ್ಪಿದ್ದು ಒಂದೇ ಒಂದನ್ನು, ತನ್ನ ಸೊಸೆಯನ್ನು. ಕಾರ್ಖಾನೆಯಲ್ಲಿ ಅವಳದೇ ಲೈನಿನಲ್ಲಿ, ಅಂದರೆ ಅದೇ ಮೆಷಿನು ಸಾಲಿನಲ್ಲಿ, ಕಾಲರು ಹೊಲಿಯುತ್ತಿದ್ದ ಹುಡುಗಿ. ಕೈ ಓಡಿದಷ್ಟೇ ಬಾಯಿಯೂ ಓಡುತ್ತಿತ್ತು. ಬಾಣ ಅಂಟಿಸಿಕೊಂಡ ಅಂಗಿ ವಾಪಸ್ಸು ಹೋದರೆ ಉಳಿದವರು ಮುಖ ಸಿಂಡರಿಸುತ್ತಿದ್ದರು. ಇವಳು ಮಾತ್ರ ಬಾಣ ಕಿತ್ತು ತನ್ನ ಹಣೆಗೆ ಅಂಟಿಸಿಕೊಂಡು, "ತಪ್ಪು ಅಂಗೀಲಿಲ್ಲ ಅಕ್ಕಾ, ಇಲ್ಲಿದೆ" ಎಂದು ನಗಿಸುತ್ತಿದ್ದಳು. ಈ ಹುಡುಗಿ ಒಳಗೊಂದು ಹೊರಗೊಂದು ಇಟ್ಟುಕೊಳ್ಳುವವಳಲ್ಲ ಎಂದು ಬಾಣದಕ್ಕ ತಾನೇ ಮುಂದೆ ನಿಂತು ಮಗನಿಗೆ ತಂದುಕೊಂಡಳು.

ಮದುವೆಯ ಮೊದಲ ತಿಂಗಳುಗಳು ಚೆನ್ನಾಗೇ ಕಳೆದವು. ಆಮೇಲೆ ಆ ಹುಡುಗಿ ಎಲ್ಲಿ ಹೋದಳೋ, ಅವಳ ಬಟ್ಟೆ ತೊಟ್ಟು ಇನ್ಯಾರೋ ಮನೆಯಲ್ಲಿ ಓಡಾಡತೊಡಗಿದರು. ಮಾತಿಗೆ ಬೀಗ ಬಿತ್ತು. ಒಲೆಯ ಮೇಲೆ ನೀರಿಟ್ಟು, ಅದು ಕುದಿದು ಇಂಗುವವರೆಗೂ ಎದುರಿಗೇ ನಿಂತಿರುವಳು. ಹೆಚ್ಚಲು ಈರುಳ್ಳಿಯಿಲ್ಲದಿದ್ದರೂ ಕಣ್ಣೊರೆಸಿಕೊಳ್ಳುವಳು. ಗಂಡ ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಟ್ಟಿದ್ದಕ್ಕೆ ಒಮ್ಮೆ ಮನೆ ಹಾರಿಹೋಗುವಂತೆ ಕೂಗಾಡಿ, ಮರುಗಳಿಗೆಯಲ್ಲೇ ಆ ಚಪ್ಪಲಿಯನ್ನು ಎದೆಗವಚಿಕೊಂಡು ಅತ್ತಳು. ಜೊತೆಗೆ ತಲೆನೋವು. ಮೊದಲೂ ಅಪರೂಪಕ್ಕೊಮ್ಮೆ ಬರುತ್ತಿತ್ತಂತೆ. ಈಗ ಬಂದರೆ ಕಿಟಕಿ ಮುಚ್ಚಿ, ಗೋಡೆಗೆ ಮುಖ ಮಾಡಿ ಮಲಗಿಬಿಡುವಳು.

"ಏನಾಗಿದೆ ಮಗಳೇ?"

"ಏನಾಗಿಲ್ಲ ಅತ್ತೆ. ಸುಸ್ತು."

ಸುಸ್ತಿನಿಂದ ಚಪ್ಪಲಿ ತಬ್ಬಿಕೊಂಡು ಅಳುವವರನ್ನು ಬಾಣದಕ್ಕ ಎಲ್ಲೂ ಕಂಡಿರಲಿಲ್ಲ. ಅವಳ ಮೂಗು ಅರಳಿತು.

ಮೊದಲ ಅನುಮಾನ ಬಿದ್ದದ್ದು ಹೆತ್ತ ಮಗನ ಮೇಲೇ. ಸೊಸೆ ಸ್ನಾನಕ್ಕೆ ಹೋದಾಗಲೆಲ್ಲ ಅವಳ ತೋಳು, ಬೆನ್ನು ಗಮನಿಸಿದಳು, ಬಾಸುಂಡೆ ಇರಲಿಲ್ಲ. ಮಗನ ಬಾಯಿ ಮೂಸಿ ನೋಡಿದಳು, ಬ್ರೆಡ್ಡಿನ ವಾಸನೆ ಬಂತು. ಎರಡನೆಯ ಅನುಮಾನ ಕಾರ್ಖಾನೆಗೆ ಹೊಸದಾಗಿ ಬಂದಿದ್ದ ಸೂಪರ್‌ವೈಸರ್ ಮೇಲೆ. ಅವನು ಸೊಸೆಯ ಮೆಷಿನಿನ ಹತ್ತಿರ ನಿಂತಾಗಲೆಲ್ಲ ಬಾಣದಕ್ಕ ಕತ್ತು ಚಾಚಿ ಚಾಚಿ ನೋಡಿ, ಕೊನೆಗೆ ಕತ್ತು ಹಿಡಿದುಕೊಂಡದ್ದಷ್ಟೇ ಬಂತು. ಮೂರನೆಯ ಅನುಮಾನಕ್ಕೆ ಮಾತ್ರ ಕಾಲು ಮೂಡಿತು. ಒಂದು ಸಂಜೆ ಶಿಫ್ಟ್ ಬಿಟ್ಟ ಮೇಲೆ ಸೊಸೆ, "ನೀವು ನಡೀರಿ ಅತ್ತೆ, ದಾರ ತಗೊಂಡು ಬರ್ತೀನಿ" ಎಂದಳು. ಮನೆಯಲ್ಲಿ ದಾರದ ಉಂಡೆಗಳು ಉರುಳಾಡುತ್ತಿದ್ದವು! ಬಾಣದಕ್ಕ ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಹೋದಳು. ಸೊಸೆ ಮೆಡಿಕಲ್ ಶಾಪಿನ ಮುಂದೆ ಗಿರಾಕಿಗಳು ಕರಗುವವರೆಗೂ ಕಾದಳು. ಅಂಗಡಿಯವನು ಮುಂದಕ್ಕೆ ಬಾಗಿದ, ಇವಳೂ ಬಾಗಿದಳು, ಪಿಸುಮಾತಾಯಿತು. ಅವನು ಕಾಗದದಲ್ಲಿ ಸುತ್ತಿದ ಏನನ್ನೋ ಕೊಟ್ಟ. ಅದು ಕಣ್ಣು ಮಿಟುಕಿಸುವುದರೊಳಗೆ ಬ್ಯಾಗಿನ ತಳ ಸೇರಿತು.

'ಪ್ರೇಮಪತ್ರ!' ಎಂದುಕೊಂಡಳು ಬಾಣದಕ್ಕ. ಮಾರನೆಯ ದಿನ ಬೇಕೆಂದೇ ಆ ಅಂಗಡಿಗೆ ಹೋಗಿ, ಕೆಮ್ಮಿನ ಔಷಧಿ ಕೇಳುವ ನೆಪದಲ್ಲಿ ಅವನನ್ನು ಕಾಲರಿನಿಂದ ಗುಂಡಿಯವರೆಗೆ ಅಳೆದಳು. ತಲೆ ಬೋಳಾಗಿ, ಹೊಟ್ಟೆ ಮುಂದೆ ಬಂದು, ಮೂಗಿನ ತುದಿಯಲ್ಲಿ ಕನ್ನಡಕ ನಿಲ್ಲಿಸಿಕೊಂಡ ಅಜ್ಜ. ಅವನು, "ಒಣ ಕೆಮ್ಮಾ, ಕಫ ಇದೆಯಾ?" ಎಂದದ್ದಕ್ಕೆ ಇವಳು, "ನಿಮಗೆ ಮೊಮ್ಮಕ್ಕಳಿದ್ದಾರಾ?" ಎಂದಳು.

ಅನುಮಾನ ಅಂಗಡಿಯಿಂದ ಬ್ಯಾಗಿಗೆ ಬಂತು, ಬ್ಯಾಗಿನಿಂದ ಮನೆಯ ಹೊಲಿಗೆ ಮೆಷಿನಿನ ಡ್ರಾಯರಿಗೆ. ಅಲ್ಲಿ ಗುಂಡಿಗಳ ಡಬ್ಬಿಯ ಅಡಿಯಲ್ಲಿ ಅದು ಸಿಕ್ಕಿತು. ಪತ್ರವಲ್ಲ, ಬೆಳ್ಳಿ ಹಾಳೆಯ ಮಾತ್ರೆ ಪಟ್ಟಿ. ಸಾಲುಸಾಲು ಪುಟ್ಟ ಮಾತ್ರೆಗಳು. ಹಿಂದೆ ತಿರುಗಿಸಿ ನೋಡಿದರೆ ಮಾತ್ರೆಯಿಂದ ಮಾತ್ರೆಗೆ ಬಾಣ, ಬಾಣ, ಬಾಣ.

ಬಾಣದಕ್ಕನಿಗೆ ಬೆವರು ಕಿತ್ತುಬಂತು. ಅವಳ ಲೋಕದಲ್ಲಿ ಬಾಣಕ್ಕೆ ಇದ್ದುದು ಒಂದೇ ಅರ್ಥ. ತಯಾರು ಮಾಡಿದವರ ಕಡೆಯ ಚೆಕ್ಕರ್ ಯಾರೋ ಒಂದೊಂದು ಮಾತ್ರೆಯನ್ನೂ ನೋಡಿ ತಪ್ಪಿದೆ, ತಪ್ಪಿದೆ ಎಂದು ಗುರುತು ಮಾಡಿದ್ದಾರೆ, ರಿಜೆಕ್ಟ್ ಆದ ಮಾಲನ್ನು ಆ ಬೋಳುತಲೆಯವನು ತನ್ನ ಸೊಸೆಗೆ ತಳ್ಳಿದ್ದಾನೆ! ಪಟ್ಟಿಯನ್ನು ಒಳಚೀಲದಲ್ಲಿಟ್ಟುಕೊಂಡು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಕತ್ತರಿಯ ಹತ್ತಿರ ಓಡಿದಳು.

ಕತ್ತರಿ ಎಂದರೆ ಬಟ್ಟೆ ಕತ್ತರಿಸುವ ವಿಭಾಗದ ಹೆಂಗಸು. ಕೆಲಸವೂ ಅದೇ, ನಾಲಿಗೆಯೂ ಅದೇ, ಹೆಸರೂ ಅದೇ ಆಗಿತ್ತು. ಬಾಣದಕ್ಕನಿಗೆ ಇದ್ದ ಒಬ್ಬಳೇ ಗೆಳತಿ. ಪಟ್ಟಿ ನೋಡಿ, ಬಾಣದ ವ್ಯಾಖ್ಯಾನ ಕೇಳಿ, ಕತ್ತರಿ ಬಾಯಿಗಿಟ್ಟ ತುತ್ತು ಹೊರಗೆ ಬರುವಂತೆ ನಕ್ಕಳು.

"ಅಯ್ಯೋ ನನ್ನಕ್ಕಾ! ಇವತ್ತು ಇದನ್ನ ನುಂಗು, ನಾಳೆ ಇದನ್ನ ನುಂಗು ಅಂತ ದಾರಿ ತೋರ್ಸೋ ಬಾಣ ಕಣೇ ಅದು! ಮಕ್ಕಳಾಗದೇ ಇರೋ ಮಾತ್ರೆ. ನಿನ್ನ ಕಾಲದಲ್ಲಿ ಇದನ್ನ ನೋಡೇ ಇಲ್ವಾ?"

"ನನ್ನ ಕಾಲದಲ್ಲಿ ಗಂಡನೇ ಇರ್ಲಿಲ್ಲ. ಮಾತ್ರೆ ಯಾತಕ್ಕೆ?"

"ಅದೂ ಸರಿಯೇ."

"ನಿನಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು?"

ಕತ್ತರಿಯ ನಗು ಗಕ್ಕನೆ ನಿಂತಿತು. ಬಾಣದಕ್ಕ ಮುಖ ನೋಡುವುದರಲ್ಲಿ ಪಳಗಿದವಳು. "ನೀನೇ ಹೇಳ್ಕೊಟ್ಟಿದ್ದು!"

"ಕೇಳಿದ್ಲು, ಹೇಳಿದೆ. ನಾನು ವರ್ಷಗಟ್ಟಲೆ ನುಂಗಿದ್ದೇನೆ, ನನಗೇನೂ ಆಗ್ಲಿಲ್ಲ, ಅಂಗಡೀಲಿ ಸಿಗುತ್ತೆ, ತಗೋ ಅಂದೆ. ನಿನ್ನ ಮಗನಿಗೂ ಗೊತ್ತು. ನಿನಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು."

ಬಾಣದಕ್ಕ ಉಣ್ಣದೆ ಡಬ್ಬಿ ಮುಚ್ಚಿದಳು. ಮಾತ್ರೆ ನುಂಗಿದ್ದಕ್ಕಲ್ಲ. ಮಗ, ಸೊಸೆ, ಗೆಳತಿ ಮೂವರೂ ಸೇರಿ ತನ್ನ ಕಣ್ಣಿಗೆ ಮಣ್ಣೆರಚಿದರಲ್ಲ ಎಂದು. ಕಾರ್ಖಾನೆಯ ಚೂರುಬಟ್ಟೆ ಸೇರಿಸಿ, ಮೆತ್ತನೆಯದನ್ನೇ ಆರಿಸಿ ಆರಿಸಿ, ಎಂದಾದರೂ ಹುಟ್ಟುವ ಮೊಮ್ಮಗುವಿಗೆಂದು ಅವಳೊಂದು ಪುಟ್ಟ ಹೊದಿಕೆ ಹೊಲಿಯುತ್ತಿದ್ದಳು. ಅದನ್ನು ಮಗ ಸೊಸೆಯ ಎದುರಿಗೇ ಕೂತು ಹೊಲಿದಿದ್ದಳು. ಅವರು ನೋಡಿಯೂ ನೋಡದಂತೆ ಟೀ ಕುಡಿದಿದ್ದರು.

ಸಂಜೆ ಪಟ್ಟಿಯನ್ನು ಇದ್ದಲ್ಲೇ ಇಟ್ಟು, ಮಗನನ್ನು ವ್ಯಾನಿನ ಹತ್ತಿರವೇ ಹಿಡಿದಳು.

"ನಂಗೆ ಹೇಳೋಕೆ ಏನಾಗಿತ್ತೋ ನಿಂಗೆ?"

ಮಗ ಕ್ರೇಟು ಇಳಿಸುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ನೀನು ಬಿಡ್ತಿದ್ಯಾ ಅಮ್ಮಾ? ಅವಳಿಗೆ ಸ್ಯಾಂಪಲ್ ರೂಮಿಗೆ ಹೋಗ್ಬೇಕು ಅಂತ ಆಸೆ. ಅಲ್ಲಿ ಸೇರಿ ಕಾಲೂರೋವರೆಗೆ ಮಗು ಬೇಡ ಅಂತ ಇಬ್ರೂ ಮಾತಾಡ್ಕೊಂಡ್ವಿ. ಇದು ನಮ್ಮಿಬ್ಬರ ವಿಷಯ."

ಸ್ಯಾಂಪಲ್ ರೂಮ್ ಎಂದರೆ ಕಾರ್ಖಾನೆಯ ಒಳಗಿನ ಇನ್ನೊಂದು ಲೋಕ. ಲೈನಿನಲ್ಲಿ ಕೂತವರು ಬದುಕಿಡೀ ಕಾಲರೊಂದನ್ನೇ ಹೊಲಿಯುತ್ತಾರೆ. ಅಲ್ಲಿ ಕೂತವರು ಹೊಸ ಮಾದರಿಯ ಇಡೀ ಅಂಗಿಯನ್ನು ಒಬ್ಬರೇ ಹೊಲಿಯುತ್ತಾರೆ. ಅಲ್ಲಿಗೆ ಹೋಗಲು ಕೈ ನೋಡುವ ಪರೀಕ್ಷೆ ಇತ್ತು. ಸೊಸೆಗೆ ಆ ಹಂಬಲ ಇರುವುದು ಬಾಣದಕ್ಕನಿಗೆ ಗೊತ್ತಿತ್ತು, ಹೆಮ್ಮೆಯೂ ಇತ್ತು. ಮಗನ ಮಾತು ಸರಿಯೆನಿಸಿದಾಗ ಅವಳಿಗೆ ಬರುವ ಸಿಟ್ಟೇ ಬೇರೆ. ವಾರವಿಡೀ ಪಾತ್ರೆಗಳು ಸದ್ದು ಮಾಡಿದವು.

ಅಷ್ಟರಲ್ಲಿ ಲೈನಿನಲ್ಲಿ ಇನ್ನೊಂದು ತಲೆಬಿಸಿ ಶುರುವಾಗಿತ್ತು. ಅಪರೂಪಕ್ಕೆ ಬಾಣ ಕಾಣುತ್ತಿದ್ದ ಸೊಸೆಯ ಕಾಲರುಗಳು ಮೇಲಿಂದ ಮೇಲೆ ವಾಪಸ್ಸು ಹೋಗತೊಡಗಿದವು. ಎಂಥ ತಪ್ಪು ಅಂತೀರಿ! ಬಲಗಡೆಯ ಮೂಲೆ ಅಳತೆಗೋಲಿಟ್ಟ ಹಾಗೆ, ಎಡಗಡೆಯ ಮೂಲೆಯಲ್ಲಿ ಹೊಲಿಗೆ ಅಂಚು ಬಿಟ್ಟು ಎಲ್ಲಿಗೋ ಹೋಗಿರುತ್ತಿತ್ತು. ಎಲ್ಲ ದಿನವೂ ಅಲ್ಲ, ಯಾವುದೋ ಒಂದು ಹೊತ್ತು, ಒಂದು ಕಟ್ಟು ಅಂಗಿಗಳಲ್ಲಿ ಮಾತ್ರ. ಬಾಣದಕ್ಕ ಸೊಸೆಯೆಂದು ನೋಡದೆ ಬಾಣ ಅಂಟಿಸಿದಳು, ಆ ಮುನಿಸಿನಲ್ಲಿ ಕೊಂಚ ಜೋರಾಗಿಯೇ ಅಂಟಿಸಿದಳು.

"ಏನಿದು?"

"ಜಿಗ್‌ಜಾಗ್ ಬಂತು ಅತ್ತೆ" ಎಂದಳು ಸೊಸೆ ಹಣೆ ಒತ್ತಿಕೊಳ್ಳುತ್ತಾ.

ಜಿಗ್‌ಜಾಗ್ ಎಂದರೆ ಲೈನಿನವರಿಗೆಲ್ಲ ಒಂದೇ ಅರ್ಥ. ನೇರ ಹೋಗಬೇಕಾದ ಹೊಲಿಗೆ ಹಾವಿನ ಹಾಗೆ ಅಂಕುಡೊಂಕಾಗುವುದು, ಅಂದರೆ ಮೆಷಿನಿನ ಸೂಜಿಯೋ ಬೆಲ್ಟೋ ಸಡಿಲ. ಬಾಣದಕ್ಕ ಮೆಕ್ಯಾನಿಕ್ಕನ್ನು ಕೂಗಿದಳು. ಅವನು ಮೆಷಿನಿನ ಹೊಟ್ಟೆ ಬಗೆದು, ಎಣ್ಣೆ ಬಿಟ್ಟು, ಸೂಜಿ ಬದಲಿಸಿ, ಚಿಂದಿಯ ಮೇಲೆ ಹೊಲಿದು ತೋರಿಸಿದ. ನೂಲು ಹಿಡಿದ ಹಾಗೆ ನೇರ. ಮತ್ತೆ ಕೆಲವು ದಿನಕ್ಕೆ, "ಜಿಗ್‌ಜಾಗ್ ಬಂತು." ಮತ್ತೆ ಮೆಕ್ಯಾನಿಕ್. ಮೂರನೆಯ ಸಲ ಅವನು ಸ್ಪ್ಯಾನರ್ ಮೇಜಿನ ಮೇಲೆ ಕುಕ್ಕಿದ. "ಮೆಷಿನ್ ಸರಿಯಾಗಿದೆ ಕಣಕ್ಕಾ. ಹೊಲಿಯೋರ ಸ್ಕ್ರೂ ನೋಡಿ, ಎಲ್ಲೋ ಲೂಸಾಗಿದೆ!"

ಸೊಸೆ ತಲೆನೋವೆಂದು ಕಾರ್ಖಾನೆಯ ನರ್ಸಮ್ಮನ ಕೋಣೆಗೂ ಹೋಗಿ ಬಂದಿದ್ದಳು. "ಜಿಗ್‌ಜಾಗ್ ಬರುತ್ತೆ ಸಿಸ್ಟರ್, ಆಮೇಲೆ ತಲೆ ಸಿಡಿಯುತ್ತೆ" ಎಂದಳಂತೆ. ದಿನಕ್ಕೆ ಹತ್ತಾರು ಟೈಲರುಗಳ ಗೋಳು ಕೇಳುವ ನರ್ಸಮ್ಮ, ಹೊಲಿಗೆ ಕೆಟ್ಟರೆ ಬೈಸಿಕೊಂಡು ತಲೆ ಕೆಡಿಸಿಕೊಳ್ಳುತ್ತಾಳೆ ಎಂದು ತಿಳಿದು, ಒಂದು ನೋವಿನ ಮಾತ್ರೆ ಕೊಟ್ಟು, "ಮೆಷಿನ್ ರಿಪೇರಿಗೆ ಹೇಳಮ್ಮ" ಎಂದು ಕಳಿಸಿದ್ದಳು.

ಹೀಗೆ ಎಲ್ಲರೂ ಸೇರಿ ಆ ಬಡಪಾಯಿ ಮೆಷಿನಿನ ಬೆನ್ನು ಹತ್ತಿದ್ದಾಗ, ಒಂದು ರಜೆಯ ಬೆಳಿಗ್ಗೆ ಸೊಸೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಾಣದಕ್ಕ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು, ಮುನಿಸು ಮುಗಿದಿರಲಿಲ್ಲ. ಸೊಸೆ ಅಂಗಿಯೊಂದನ್ನು ಹಗ್ಗಕ್ಕೆ ಹಾಕಲು ಹೋದಳು. ಅಂಗಿ ಹಗ್ಗ ತಪ್ಪಿ, ಎಡಗಡೆ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಹಾಕಿದಳು, ಮತ್ತೆ ನೆಲಕ್ಕೆ. ಅಲ್ಲೇ ಕುಕ್ಕರಿಸಿ ಕಣ್ಣು ಮುಚ್ಚಿದಳು.

"ಏನೇ ಅದು?"

"ಜಿಗ್‌ಜಾಗ್ ಬಂತು ಅತ್ತೆ."

ಬಾಣದಕ್ಕನ ಕೈಯಲ್ಲಿದ್ದ ಮೊರ ನಿಂತಿತು. ಸುತ್ತ ನೋಡಿದಳು. ಹಗ್ಗ, ಬಕೆಟ್ಟು, ಒದ್ದೆ ಬಟ್ಟೆ. "ಇಲ್ಲಿ ಮೆಷಿನ್ ಎಲ್ಲಿದೆಯೇ?"

"ಮೆಷಿನಲ್ಲಿ ಅಲ್ಲ ಅತ್ತೆ, ಕಣ್ಣಲ್ಲಿ. ಮೊದಲಿನಿಂದ ಅದನ್ನೇ ಹೇಳ್ತಿದೀನಲ್ಲ! ಎಡಗಡೆ ಒಂದು ಬೆಳಕಿನ ದಾರ, ಅಂಕುಡೊಂಕಾಗಿ ಹೊಳೀತಾ ಹೊಳೀತಾ ಬರುತ್ತೆ, ಥೇಟ್ ಜಿಗ್‌ಜಾಗ್ ಹೊಲಿಗೆ ಥರ. ಅದು ಹೋದ ಕಡೆ ಏನೂ ಕಾಣಲ್ಲ. ನಿಮ್ಮ ಮುಖದಲ್ಲಿ ಈಗ ಒಂದೇ ಕೆನ್ನೆ ಇದೆ. ಅದು ಹೋದ ಮೇಲೆ ತಲೆನೋವು ಬರುತ್ತೆ."

ಬಾಣದಕ್ಕ ಮೊರ ಕೆಳಗಿಟ್ಟಳು. ಅಕ್ಕಿ ಚೆಲ್ಲಿತು. ಕೈ ಹಿಡಿದು ಸೊಸೆಯನ್ನು ಒಳಗೆ ಕರೆದೊಯ್ದು ಮಲಗಿಸಿ, ಕಿಟಕಿ ಮುಚ್ಚಿ, ಪಕ್ಕದಲ್ಲಿ ಕೂತಳು. ಮುನಿಸು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಲೈನಿನಲ್ಲಿ ತಪ್ಪು ಬರಲು ಶುರುವಾದರೆ ಅವಳು ಕೇಳುವ ಮೊದಲ ಪ್ರಶ್ನೆ: ಎಂದಿನಿಂದ? ಎರಡನೆಯದು: ಅಂದು ಏನು ಬದಲಾಯಿತು? ದಾರವೋ, ಬಟ್ಟೆಯ ಥಾನೋ, ಕೂತವರೋ?

ನೋವಿಳಿದ ಮೇಲೆ ಸಂಜೆ, ಮಗನೂ ಇದ್ದಾಗ ಅದನ್ನೇ ಕೇಳಿದಳು.

"ಈ ಬೆಳಕು ಎಂದಿನಿಂದ?"

"ಮದುವೆ ಆದ್ಮೇಲೆ, ಕೆಲವು ತಿಂಗಳು ಬಿಟ್ಟು."

"ಆಗ ಹೊಸದು ಏನು ಬಂತು?"

"ಹೊಸದು ನೀವೂ ಇದ್ದೀರಲ್ಲ ಅತ್ತೆ" ಎಂದಳು ಸೊಸೆ, ಬಹಳ ದಿನಗಳ ಮೇಲೆ ಅರ್ಧ ನಗುತ್ತಾ. ಮಗ ಕಿಸಕ್ಕನೆ ನಕ್ಕ.

ಬಾಣದಕ್ಕ ನಗಲಿಲ್ಲ. "ನಾನಲ್ಲ. ಆ ಮಾತ್ರೆ."

ಸೊಸೆಯ ಅರ್ಧ ನಗು ಅಲ್ಲೇ ಬಾಡಿತು. ಮಗ ಎದ್ದು ನಿಂತ. "ಗೊತ್ತಿತ್ತು ಅಮ್ಮಾ ನಂಗೆ, ನೀನು ಇಲ್ಲಿಗೇ ಬರ್ತೀಯ ಅಂತ. ಸುತ್ತಿ ಬಳಸಿ ಮೊಮ್ಮಗು ಹತ್ರಕ್ಕೇ! ಅವಳಿಗೆ ತಲೆನೋವು ಬಂದ್ರೂ ನಿನಗೆ ಹೊದಿಕೆಯದೇ ಚಿಂತೆ."

ಸೊಸೆ ನೋಡಿದ ನೋಟವನ್ನು ಬಾಣದಕ್ಕ ಗುರುತು ಹಿಡಿದಳು. ಅದು ತನ್ನದೇ ನೋಟ. ಅಂಗಿ ಕೊಟ್ಟವರ ಮುಖವನ್ನು ತಾನು ನೋಡುತ್ತಿದ್ದ ನೋಟ.

ಮಾರನೆಯ ದಿನ ಕತ್ತರಿಯಾದರೂ ಒಪ್ಪುವಳೇನೋ ಎಂದರೆ ಅವಳೂ ಅದೇ ರಾಗ. "ನಾನು ಅಷ್ಟು ವರ್ಷ ನುಂಗಿದ್ದೀನಲ್ಲ, ನನ್ನ ತಲೆಗೆ ಏನಾಗಿದೆ ಹೇಳು?"

"ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡ."

"ತಮಾಷೆ ಬೇಡ ಅಕ್ಕ. ನೀನು ಅತ್ತೆ. ಅತ್ತೆ ಬಾಯಲ್ಲಿ ಆ ಮಾತು ಬಂದ್ರೆ ಯಾವ ಸೊಸೆ ನಂಬ್ತಾಳೆ? ನಾನೇ ನಂಬಲ್ಲ."

ಅಂದು ತಪ್ಪು ಹೊಲಿಗೆಯ ಅಂಗಿಗಳೆಷ್ಟೋ ಬಾಣದಕ್ಕನ ಕೈಯಿಂದ ಹಾಗೇ ದಾಟಿಹೋದವು. ಅವಳು ಬೇರೊಂದರ ಒಳಮೈಯನ್ನು ತಿರುಗಿಸಿ ನೋಡುತ್ತಿದ್ದಳು, ತನ್ನದೇ ಮನಸ್ಸನ್ನು. ಅವರು ಹೇಳುವುದು ಸುಳ್ಳೇ? ಮೊಮ್ಮಗುವಿನ ಆಸೆ ಇಲ್ಲವೇ? ಇತ್ತು. ಹೊಲಿಗೆಯ ಒಳಗೆ ಮಡಿಚಿಟ್ಟ ಬಟ್ಟೆಯ ಹಾಗೆ, ಎಳೆದಷ್ಟೂ ಬರುವಷ್ಟಿತ್ತು. ಮಾತ್ರೆಯ ಮೇಲೆ ಅನುಮಾನ ಬಂದದ್ದು ಆ ಬೆಳಕಿನ ದಾರದಿಂದಲೋ, ಈ ಆಸೆಯಿಂದಲೋ? ಜಗತ್ತನ್ನೆಲ್ಲ ಅನುಮಾನಿಸಿದವಳು ತನ್ನನ್ನೇ ಅನುಮಾನಿಸಿದ್ದು ಅದೇ ಮೊದಲು. ಅದರ ರುಚಿ ಕಹಿಯಾಗಿತ್ತು.

ಮನೆಗೆ ಬಂದವಳೇ ಡ್ರಾಯರ್ ಎಳೆದಳು. ಪಟ್ಟಿ ಅಲ್ಲೇ ಇತ್ತು. ಬಚ್ಚಲಿಗೆ ಎಸೆದು ನೀರು ಹುಯ್ದರೆ ಆಯಿತು, ಯಾರು ಕೇಳುತ್ತಾರೆ? ಬಚ್ಚಲ ಬಾಗಿಲವರೆಗೂ ಹೋದಳು. ಅಲ್ಲಿ ಕಾಲು ತಡೆಯಿತು. ಎಸೆದು, ನಾಳೆ ಸೊಸೆಗೆ ಬೇಡದ ಬಸಿರು ನಿಂತರೆ, ಆಗ ತಾನು ಮಾಡಿದ್ದು ಸೊಸೆಯ ತಲೆಗಾಗಿ ಎಂದು ಯಾರು ನಂಬುತ್ತಾರೆ? ತಾನೇ ನಂಬುತ್ತೇನೆಯೇ? ಹಾಗೆ ಹುಟ್ಟಿದ ಕೂಸಿನ ಮುಖ ನೋಡುವುದು ಹೇಗೆ?

ಪಟ್ಟಿಯನ್ನು ತಂದು ಸೊಸೆಯ ಎದುರು ಮೇಜಿನ ಮೇಲೆ ಇಟ್ಟಳು.

"ನಿನ್ನ ವಸ್ತು. ನಾನು ಮುಟ್ಟಿದ್ದೆ, ಇಟ್ಟಿದ್ದೀನಿ. ಈಗ ನಾನು ಹೇಳೋದು ಕೇಳು, ಆಮೇಲೆ ಬೈಯಿ. ನಾಳೆ ಡಾಕ್ಟರಮ್ಮನ ಹತ್ರ ಹೋಗೋಣ. ಕಣ್ಣಿನ ಬೆಳಕಿನ ವಿಷಯ ನೀನು ಹೇಳು. ಮಕ್ಕಳಾಗದೇ ಇರೋಕೆ ಬೇರೆ ದಾರಿ ಏನಿದೆ ಅಂತ ನಾನು ಕೇಳ್ತೀನಿ."

"ನೀವು ಕೇಳ್ತೀರಾ?" ಸೊಸೆಯ ಹುಬ್ಬು ಮೇಲೇರಿತು. "ಯಾಕೆ?"

"ಯಾಕೆ ಅಂದ್ರೆ? ನನಗೆ ನಾಚಿಕೆ ಇಲ್ಲ, ನಿನಗಿದೆ. ಅದಕ್ಕೆ."

ಸೊಸೆ ಪಟ್ಟಿಯನ್ನು ಎತ್ತಿ ತನ್ನ ಬ್ಯಾಗಿಗೆ ಹಾಕಿಕೊಂಡು, ಹೂಂ ಎಂದಳು. ನಂಬಿದಳೆಂದಲ್ಲ. ಆದರೆ ಹಿಂದಿನ ದಿನದ ಬೆಳಕಿನಲ್ಲಿ ಅತ್ತೆಯ ಅರ್ಧ ಮುಖವೇ ಕಾಣೆಯಾದದ್ದು ಅವಳನ್ನೂ ಒಳಗೊಳಗೇ ನಡುಗಿಸಿತ್ತು.

ಡಾಕ್ಟರಮ್ಮನ ಕೋಣೆ ಚಿಕ್ಕದು. ಒಂದು ಮೇಜು, ತೂಕದ ಯಂತ್ರ, ಹಸಿರು ಪರದೆ. ಡಾಕ್ಟರಮ್ಮ ರಕ್ತದೊತ್ತಡ ನೋಡಿ ಕೇಳಿದಳು: "ಬೇರೆ ಏನಾದ್ರೂ ಔಷಧಿ ತಗೋತೀರಾ?"

"ಏನೂ ಇಲ್ಲ" ಎಂದಳು ಸೊಸೆ.

ಬಾಣದಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ಏನೂ ಇಲ್ಲ ಅಂದ್ರೆ? ಬ್ಯಾಗಲ್ಲಿರೋದು ಪೆಪ್ಪರ್‌ಮಿಂಟಾ?"

"ಅದು ಔಷಧಿ ಅಲ್ಲವಲ್ಲ ಅತ್ತೆ, ಕಾಯಿಲೆಗೆ ತಗೊಂಡ್ರೆ ತಾನೇ ಔಷಧಿ..."

ಸೊಸೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದರ ಹೆಸರು ಓದಿ, ಪೆನ್ನು ಕೆಳಗಿಟ್ಟು, ತಲೆನೋವಿನ ಬಗ್ಗೆ ಮತ್ತೊಮ್ಮೆ ಮೊದಲಿಂದ ಕೇಳಿದಳು. ಸೊಸೆ ಜಿಗ್‌ಜಾಗ್ ಎಂದಳು, ಆಮೇಲೆ ನಾಲಿಗೆ ಕಚ್ಚಿಕೊಂಡು ಕಣ್ಣಲ್ಲಿ ಎಂದಳು, ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದಳು.

"ಈ ಮಾತ್ರೆ ಇವತ್ತಿಂದ ಬೇಡ" ಎಂದಳು ಡಾಕ್ಟರಮ್ಮ. "ಇದರಲ್ಲಿ ಎರಡು ಥರದ ಹಾರ್ಮೋನಿದೆ. ಒಂದಕ್ಕೆ ರಕ್ತ ಸ್ವಲ್ಪ ಬೇಗ ಹೆಪ್ಪುಗಟ್ಟಿಸೋ ಗುಣ ಇದೆ. ಎಷ್ಟೋ ಹೆಂಗಸರಿಗೆ ಅದರಿಂದ ತೊಂದರೆ ಇಲ್ಲ. ಆದ್ರೆ ತಲೆನೋವಿಗೆ ಮುಂಚೆ ಹೀಗೆ ಬೆಳಕು ಕಾಣೋರಿಗೆ ಮೆದುಳಿಗೆ ಹೋಗೋ ರಕ್ತ ಕಟ್ಟಿ ಪಾರ್ಶ್ವವಾಯು ಆಗೋ ಅಪಾಯ ಬೇರೆಯವರಿಗಿಂತ ಜಾಸ್ತಿ. ಈ ಮಾತ್ರೆ ಅದನ್ನ ಇನ್ನೂ ಹೆಚ್ಚಿಸುತ್ತೆ. ಅಪರೂಪವೇ, ಆದ್ರೆ ಬೇರೆ ದಾರಿ ಇರುವಾಗ ಯಾಕೆ ಬೇಕು? ಶುರು ಮಾಡೋ ಮೊದಲು ಇದನ್ನ ಯಾರಾದ್ರೂ ಕೇಳ್ಬೇಕಿತ್ತು."

"ಮತ್ತೆ ಇವಳು ಸುಮ್ಸುಮ್ನೆ ಅಳೋದು, ಮರೆಯೋದು? ಅದೂ ಇದರದ್ದೇನಾ?"

"ಇರಬಹುದು, ಇಲ್ಲದೇ ಇರಬಹುದು. ಕೆಲವರಿಗೆ ಮನಸ್ಸು ಕುಗ್ಗುತ್ತೆ, ತುಂಬಾ ಜನಕ್ಕೆ ಏನೂ ಆಗಲ್ಲ. ಬಿಟ್ಟು ನೋಡೋಣ. ಹಾಗೇ ಉಳಿದ್ರೆ ಅದಕ್ಕೆ ಬೇರೆ ಕಾರಣ ಹುಡುಕೋಣ."

"ಇರಬಹುದು, ಇಲ್ಲದಿರಬಹುದು ಅಂದ್ರೆ ನಿಮಗೇ ಗೊತ್ತಿಲ್ಲ ಅಂತ ಆಯ್ತು."

"ಪೂರ್ತಿ ಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳ್ಲಾ?"

ಬಾಣದಕ್ಕ ಆ ಮುಖವನ್ನು ನೋಡಿದಳು. ಬಾಣ ಅಂಟಿಸುವ ಜಾಗ ಸಿಗಲಿಲ್ಲ. ಹಾಗೆಂದು ಪೂರ್ತಿ ಒಪ್ಪಲೂ ಇಲ್ಲ. ಗಂಟಲು ಸರಿಮಾಡಿಕೊಂಡು, ತಾನು ಕೇಳುತ್ತೇನೆ ಎಂದಿದ್ದನ್ನು ಕೇಳಿದಳು. "ಇವಳಿಗೆ ಸದ್ಯಕ್ಕೆ ಮಗು ಬೇಡ. ತಲೆಗೆ ತೊಂದರೆ ಕೊಡದ ಬೇರೆ ದಾರಿ ಹೇಳಿ."

ಡಾಕ್ಟರಮ್ಮ ಅವಳನ್ನೂ ಸೊಸೆಯನ್ನೂ ಒಮ್ಮೆ ನೋಡಿ, ಮೃದುವಾಗಿ ಹೇಳಿದಳು: "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ. ಇದನ್ನ ಇವರ ಹತ್ರಾನೇ ಮಾತಾಡ್ಬೇಕು."

ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಕೂತ ಬಾಣದಕ್ಕನಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಕಿವಿ ಬಿಸಿಯಾಯಿತು. ಆ ಹೆಂಗಸು ತನ್ನ ಮೇಲೆ ಅನುಮಾನ ಪಟ್ಟಳು! ಅತ್ತೆ ಎದುರಿಗಿದ್ದರೆ ಸೊಸೆ ಮನಸ್ಸಿನಲ್ಲಿದ್ದುದನ್ನು ಹೇಳಲಾರಳು ಎಂದು. ಬೇರೆಯವರ ಮೇಲೆ ಪಟ್ಟಿದ್ದರೆ ಭೇಷ್ ಎನ್ನುತ್ತಿದ್ದಳು. ಒಳಗೆ ಏನು ಮಾತಾಗುತ್ತಿದೆಯೋ! ಬಾಗಿಲಿಗೆ ಕಿವಿ ಇಡಲೆಂದು ಅರ್ಧ ಎದ್ದಳು. ಪಕ್ಕದಲ್ಲಿ ಕೂತಿದ್ದ ಬಸುರಿಯೊಬ್ಬಳು ನೋಡಿದ್ದಕ್ಕೆ, ಕಾಲು ಜೋಮು ಹಿಡಿದವಳಂತೆ ಪಾದ ಕುಟ್ಟಿ ಕೂತಳು.

ಸೊಸೆ ಹೊರಗೆ ಬಂದಾಗ ಕೈಯಲ್ಲಿ ಪಟ್ಟಿ ಇರಲಿಲ್ಲ. ಅತ್ತೆಯ ಪಕ್ಕ ಕೂತು, ನೆಲ ನೋಡುತ್ತಾ ಹೇಳಿದಳು: "ಒಳಗಿಡೋದು ಒಂದಿದೆಯಂತೆ ಅತ್ತೆ. ತಾಮ್ರದ್ದು. ಹಾರ್ಮೋನಿಲ್ಲ, ತಲೆಗೂ ಅದಕ್ಕೂ ಸಂಬಂಧ ಇಲ್ಲ. ಮುಂದಿನ ವಾರ ಹಾಕ್ತಾರಂತೆ. ಅಲ್ಲೀವರೆಗೆ ಅವರು... ಅವರು ಜಾಗ್ರತೆ ತಗೋಬೇಕಂತೆ. ವರ್ಷಾನುಗಟ್ಟಲೆ ಇರುತ್ತೆ. ಬೇಕು ಅಂದಾಗ ತೆಗೆಸಬಹುದು. ನಾನು ಹ್ಞೂ ಅಂದೆ."

ವರ್ಷಾನುಗಟ್ಟಲೆ. ಮಾತ್ರೆಯಾದರೆ ಸೊಸೆ ಮರೆತಾದರೂ ಮರೆಯುತ್ತಿದ್ದಳೇನೋ, ತಪ್ಪಿಯಾದರೂ ತಪ್ಪುತ್ತಿತ್ತೇನೋ. ಇದು ತಾನೇ ಕೈಹಿಡಿದು ಕರೆತಂದು, ಬಾಯಿಬಿಟ್ಟು ಕೇಳಿ, ತಾನೇ ಹಾಕಿಸುತ್ತಿರುವ ಬೀಗ.

"ಇದನ್ನೂ ಚೆನ್ನಾಗಿ ವಿಚಾರಿಸ್ದೆಯಾ? ಇದರಲ್ಲೂ ಏನಾದ್ರೂ ಇದ್ದೀತು."

"ವಿಚಾರಿಸ್ದೆ. ತಿಂಗಳಿನ ಸ್ರಾವ ಸ್ವಲ್ಪ ಜಾಸ್ತಿ ಆಗಬಹುದಂತೆ, ಹೊಟ್ಟೆನೋವು ಬರಬಹುದಂತೆ. ಬಂದ್ರೆ ಬಂದು ಹೇಳಿ ಅಂದ್ರು."

"ನನಗೆ ಹೇಳ್ಬೇಕು. ಡಾಕ್ಟರಿಗೆ ಆಮೇಲೆ."

"ಹೂಂ." ಸೊಸೆ ತಲೆಯೆತ್ತಿ ಮೊದಲ ಸಲ ನೇರ ನೋಡಿದಳು. "ಅತ್ತೆ, ನಿಮಗೆ ಬೇಜಾರಾಯ್ತಾ?"

"ಆಯ್ತು. ಆಗದೇ ಇರುತ್ತಾ?" ಬಾಣದಕ್ಕ ಮಂಡಿ ಹಿಡಿದು ಎದ್ದಳು. "ಬೇಜಾರು ನನ್ನದು, ನಾನು ನೋಡ್ಕೋತೀನಿ. ತಲೆ ನಿನ್ನದು. ಅದನ್ನ ನೆಟ್ಟಗಿಟ್ಟುಕೊಂಡು ಆ ಸ್ಯಾಂಪಲ್ ರೂಮಿಗೆ ಹೋಗು. ನಡಿ, ಶಿಫ್ಟಿಗೆ ತಡ ಆಯ್ತು."